ಆರನೇ ತರಗತಿಯ ‘ಗಣಿತ ಪ್ರಕಾಶ್’: ಯೋಚನೆಗೆ ಪೂರ್ತಿ ಅಂಕ, ಅಭ್ಯಾಸಕ್ಕೆ ಅರ್ಧ

ಕೊಡಗಿನಲ್ಲಿ ಗಣಿತ ಕಲಿಸುವ ನಾಲ್ಕು ಜನ ಸೇರಿದ ಕಡೆ ಎನ್‌ಸಿಇಆರ್‌ಟಿಯ ಹೊಸ ಆರನೇ ತರಗತಿ ಪುಸ್ತಕದ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ಮಕ್ಕಳು ಕೊನೆಗೂ ‘ಯಾಕೆ’ ಅಂತ ಕೇಳತೊಡಗಿದ್ದಾರೆ ಅನ್ನುವುದು ಒಂದು. ‘ಯಾಕೆ’ ಏನೋ ಬಂತು, ಮಾಡೋದಕ್ಕೆ ಲೆಕ್ಕ ಎಲ್ಲಿದೆ ಅನ್ನುವುದು ಇನ್ನೊಂದು. ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಪಾಠ ಮಾಡಿದವರಿಗೆ ಎರಡೂ ನಿಜ ಅನ್ನಿಸುತ್ತದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಈ ತರಗತಿಯ ವಿಷಯವನ್ನು ಇಷ್ಟು ತಾಳ್ಮೆಯಿಂದ ಬಿಡಿಸಿಟ್ಟ ಪಠ್ಯಪುಸ್ತಕ ನಮ್ಮ ಕೈಗೆ ಬೇರೆ ಬಂದಿಲ್ಲ. ಆದರೆ ಇದೊಂದನ್ನೇ ನಂಬಿ ವರ್ಷ ಮುಗಿಸಿದರೆ ಮಗುವಿನ ಕೈ ಓಡುವುದಿಲ್ಲ. ಎಲ್ಲಿ, ಏನು, ಎಷ್ಟು ಸೇರಿಸಬೇಕು ಅನ್ನುವುದನ್ನು ಕಲಿಸುವವರೇ ತೀರ್ಮಾನ ಮಾಡಬೇಕು. ಅದನ್ನೇ ಇಲ್ಲಿ ಅಧ್ಯಾಯ ಹಿಡಿದು ಹೇಳುತ್ತಿದ್ದೇವೆ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಮತ್ತು ಅದರ ಮೇಲೆ ಬಂದ 2023ರ ಶಾಲಾ ಪಠ್ಯಕ್ರಮ ಚೌಕಟ್ಟಿನ ಪ್ರಕಾರ ಈ ಪುಸ್ತಕ 2024ರಲ್ಲಿ ಬಂತು. ಏಳು ಮತ್ತು ಎಂಟನೇ ತರಗತಿಯವು 2025ರಲ್ಲಿ, ಎರಡೆರಡು ಭಾಗಗಳಾಗಿ. ಬೆಲೆ 65 ರೂಪಾಯಿ. ಪಿಡಿಎಫ್ ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಉಚಿತ. ನಮ್ಮ ಜಿಲ್ಲೆಯಲ್ಲಿ ಗಾಳಿಬೀಡಿನ ನವೋದಯ, ಮಡಿಕೇರಿಯ ಕೇಂದ್ರೀಯ ವಿದ್ಯಾಲಯ, ಕೂಡಿಗೆಯ ಸೈನಿಕ ಶಾಲೆಯಂಥ ಸಿಬಿಎಸ್‌ಇ ಶಾಲೆಗಳ ಮಕ್ಕಳು ಓದುವುದು ಇದೇ ಧಾಟಿಯ ಪಠ್ಯ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಇದು ಕಡ್ಡಾಯವಲ್ಲ, ಆದರೂ ಅಲ್ಲಿನ ಶಿಕ್ಷಕರಿಗೂ ಇದರಿಂದ ಎತ್ತಿಕೊಳ್ಳುವುದು ಬಹಳ ಇದೆ.

ಏನು ಹೋಯಿತು, ಏನು ಬಂತು

2006ರ ಹಳೆಯ ಪುಸ್ತಕದಲ್ಲಿ 14 ಅಧ್ಯಾಯಗಳಿದ್ದವು. ಹೊಸದರಲ್ಲಿ 10. ದಶಮಾಂಶ, ಬೀಜಗಣಿತ, ಅನುಪಾತ ಮೂರೂ ಆರನೇ ತರಗತಿಯಿಂದ ಹೊರಗೆ ಹೋಗಿವೆ. ದಶಮಾಂಶವೂ ಅಕ್ಷರಗಳ ಲೆಕ್ಕವೂ ಏಳನೇ ತರಗತಿಯ ಮೊದಲ ಭಾಗಕ್ಕೆ, ಅನುಪಾತ ಎಂಟನೆಯದಕ್ಕೆ. ಮ.ಸಾ.ಅ (ಮಹತ್ತಮ ಸಾಮಾನ್ಯ ಅಪವರ್ತನ), ಲ.ಸಾ.ಅ (ಲಘುತ್ತಮ ಸಾಮಾನ್ಯ ಅಪವರ್ತ್ಯ) ಕ್ರಮಬದ್ಧವಾಗಿ ಸಿಗುವುದು ಏಳನೇ ತರಗತಿಯ ಎರಡನೇ ಭಾಗದಲ್ಲಿ. 3, 9, 11ರ ಭಾಜ್ಯತೆಯ ನಿಯಮಗಳಿಗೆ ಎಂಟನೇ ತರಗತಿವರೆಗೆ ಕಾಯಬೇಕು. ಇದಕ್ಕೆ ಬದಲಾಗಿ 2022ರ ಪಠ್ಯ ಕಡಿತದಲ್ಲಿ ಕೈಬಿಟ್ಟಿದ್ದ ಸಮಮಿತಿ ಮತ್ತು ರಚನೆ ಎರಡೂ ಹೊಸ ರೂಪದಲ್ಲಿ ಮರಳಿವೆ. ಇದು ಸಂತೋಷದ ವಿಷಯ. ಕೈವಾರ ಹಿಡಿಯದೆ ಹೈಸ್ಕೂಲು ಸೇರುವ ಮಗು ಅಲ್ಲಿ ಪಡುವ ಪಾಡನ್ನು ಕಲಿಸುವವರೆಲ್ಲ ನೋಡಿದ್ದೇವೆ.

ಅಧ್ಯಾಯ ಕಡಿಮೆ ಮಾಡಿ ಆಳಕ್ಕೆ ಇಳಿಯುವುದು ಸರಿಯಾದ ನಿರ್ಧಾರ. ತಕರಾರು ಇರುವುದು ದಶಮಾಂಶದ ವಿಷಯದಲ್ಲಿ. ಅದೇ ವರ್ಷ, ಅದೇ ಮಗು ಓದುವ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಲ್ಲಿ ಉದ್ದದ ಅಳತೆ ಒಂದು ಅಧ್ಯಾಯ, ಉಷ್ಣತೆಯ ಅಳತೆ ಇನ್ನೊಂದು. ಪೆನ್ಸಿಲ್ಲಿನ ಉದ್ದವನ್ನು ಸೆಂಟಿಮೀಟರಿನ ಹತ್ತನೇ ಒಂದರವರೆಗೆ ಓದಬೇಕು, ಮೈಯ ಉಷ್ಣತೆ 37.0 ಡಿಗ್ರಿ ಸೆಲ್ಸಿಯಸ್, 98.6 ಡಿಗ್ರಿ ಫ್ಯಾರನ್‌ಹೀಟ್ ಅಂತ ಬರೆಯಬೇಕು. ಗಣಿತದ ತರಗತಿಯಲ್ಲಿ ಚುಕ್ಕಿಯ ಸುದ್ದಿಯೇ ಇರುವುದಿಲ್ಲ. ವಿಜ್ಞಾನದವರು ಗಣಿತದವರ ಮೇಲೆ, ಗಣಿತದವರು ಪುಸ್ತಕದ ಮೇಲೆ ಹಾಕಿ ಕೂತರೆ ನಷ್ಟ ಮಗುವಿಗೆ.

ಇದಕ್ಕೆ ಆರು ಪೀರಿಯಡ್ ತೆಗೆದಿಟ್ಟರೆ ಸಾಕು, ಮತ್ತು ಕೊಡಗಿನ ಮಗುವಿಗೆ ಬೇಕಾದ ಸಾಮಗ್ರಿ ಮನೆಯಲ್ಲೇ ಇದೆ. ತೋಟದ ಮನೆಗಳಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟಿನಲ್ಲೇ ಬರೆದಿಡುತ್ತಾರೆ: ಒಂದು ಇಂಚಿಗೆ 100 ಸೆಂಟು. ಜಮೀನಿಗೂ ಹಾಗೆಯೇ, ಒಂದು ಎಕರೆಗೆ 100 ಸೆಂಟು. ಅಂದರೆ ನೂರನೇ ಒಂದು ಭಾಗ ಅನ್ನುವುದು ಇಲ್ಲಿನ ಮಗುವಿನ ಕಿವಿಗೆ ಹೊಸದಲ್ಲ. ಮೊದಲ ಎರಡು ಪೀರಿಯಡ್ ಮಳೆ ಲೆಕ್ಕಕ್ಕೆ ಇಡಿ. ‘1 ಇಂಚು 35 ಸೆಂಟು’ ಅನ್ನುವುದನ್ನು 1.35 ಎಂದು ಯಾರಾದರೂ ಸರಿಯಾಗಿಯೇ ಬರೆಯುತ್ತಾರೆ. ಆಮೇಲೆ ‘1 ಇಂಚು 5 ಸೆಂಟು’ ಬರೆಯಲು ಹೇಳಿ. ಹೆಚ್ಚಿನವರು 1.5 ಬರೆಯುತ್ತಾರೆ. ದಶಮಾಂಶದಲ್ಲಿ ಮುಂದೆ ಬರುವ ಬಹುಪಾಲು ತಪ್ಪುಗಳ ಬೇರು ಇದೇ. 1.5 ಅಂದರೆ 1 ಇಂಚು 50 ಸೆಂಟು, ಬೇಕಿದ್ದದ್ದು 1.05. 3 ಎಕರೆ 8 ಸೆಂಟು 3.8 ಅಲ್ಲ, 3.08. ಇದನ್ನು ಜಮೀನಿನ ಲೆಕ್ಕದಲ್ಲಿ ಹೇಳಿದರೆ ಮಗು ಥಟ್ಟನೆ ಹಿಡಿಯುತ್ತದೆ, ಯಾಕೆಂದರೆ 72 ಸೆಂಟು ಜಾಗದ ವ್ಯತ್ಯಾಸ ಅಂದರೆ ಏನು ಅಂತ ಅದಕ್ಕೆ ಗೊತ್ತು. 0.35 ದೊಡ್ಡದೋ 0.4 ದೊಡ್ಡದೋ ಅಂದಾಗ 35, 4ಕ್ಕಿಂತ ದೊಡ್ಡದು ಅನ್ನುವ ಉತ್ತರಕ್ಕೂ ಇದೇ ಮದ್ದು: 35 ಸೆಂಟು, 40 ಸೆಂಟು.

ಮೂರನೇ ಪೀರಿಯಡ್‌ನಲ್ಲಿ ಸ್ಕೇಲು ಹಿಡಿಸಿ. 10 ಸೆಂಟಿಮೀಟರ್ 4 ಮಿಲಿಮೀಟರ್ ಅಂದರೆ 10.4. ಇಲ್ಲಿ ಚುಕ್ಕಿಯ ನಂತರ ಒಂದೇ ಅಂಕಿ ಯಾಕೆ, ಸೆಂಟಿನಲ್ಲಿ ಎರಡು ಯಾಕೆ ಎಂಬುದನ್ನು ಮಕ್ಕಳ ಬಾಯಲ್ಲೇ ಹೇಳಿಸಬೇಕು. ಹತ್ತು ಭಾಗ, ನೂರು ಭಾಗ ಎರಡನ್ನೂ ಅಕ್ಕಪಕ್ಕ ಇಡದಿದ್ದರೆ ಚುಕ್ಕಿಯ ನಂತರ ಯಾವಾಗಲೂ ಎರಡು ಅಂಕಿ ಇರಬೇಕು ಅಂತ ಮಗು ನಂಬಿಬಿಡುತ್ತದೆ. ರೂಪಾಯಿ, ಪೈಸೆಯಿಂದ ಮಾತ್ರ ದಶಮಾಂಶ ಕಲಿಸಿದಾಗ ಆಗುವುದು ಇದೇ. ಉಳಿದ ಮೂರು ಪೀರಿಯಡ್ ಕೂಡುವುದು, ಕಳೆಯುವುದು ಮತ್ತು 1 ಇಂಚು = 25.4 ಮಿಲಿಮೀಟರ್ ಎಂಬುದನ್ನು ಪರಿಚಯಿಸುವುದಕ್ಕೆ. ಗುಣಾಕಾರ ಬೇಡ. ಅದು ಏಳನೆಯದರಲ್ಲಿ ಚೆನ್ನಾಗಿ ಬರುತ್ತದೆ. ವಿಜ್ಞಾನದ ಅಳತೆ ಅಧ್ಯಾಯ ಶುರುವಾಗುವ ಹಿಂದಿನ ವಾರ ಈ ಆರು ಪೀರಿಯಡ್ ಮುಗಿದಿರಬೇಕು.

ಆಟದ ಅಧ್ಯಾಯಗಳು

ಮೂರನೇ ಅಧ್ಯಾಯ, ‘ನಂಬರ್ ಪ್ಲೇ’, ಇಡೀ ಪುಸ್ತಕದಲ್ಲಿ ನಮಗೆ ಅತಿ ಹೆಚ್ಚು ಇಷ್ಟವಾದದ್ದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಪಕ್ಕದಲ್ಲಿರುವವರಲ್ಲಿ ತನಗಿಂತ ಎತ್ತರದವರು ಎಷ್ಟು ಜನ ಅಂತ ಪ್ರತಿಯೊಬ್ಬರೂ ಹೇಳಬೇಕು: 0, 1 ಅಥವಾ 2. ಹೊರಗೆ ಮಳೆ ಸುರಿಯುತ್ತಿದ್ದರೂ ಜಗಲಿಯಲ್ಲಿ ಆಡಿಸಬಹುದು, ಒಂದು ಪೈಸೆ ಖರ್ಚಿಲ್ಲ. ಆಟವಾಗಿ ಮುಗಿಸಿದರೆ ಮಾತ್ರ ಅರ್ಧ ಪಾಠ ಹೋದಂತೆ. ಪ್ರಶ್ನೆ ಕೇಳಬೇಕು. ಅಕ್ಕಪಕ್ಕ ನಿಂತ ಇಬ್ಬರೂ 2 ಅನ್ನಬಹುದೇ? ಮಕ್ಕಳು ಜಾಗ ಬದಲಿಸಿ ಬದಲಿಸಿ ನೋಡುತ್ತಾರೆ, ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅಂದರೆ, ಎಡಗಡೆಯವಳು 2 ಅನ್ನಬೇಕಾದರೆ ಬಲಗಡೆಯವಳು ಅವಳಿಗಿಂತ ಎತ್ತರ ಇರಬೇಕು. ಬಲಗಡೆಯವಳು 2 ಅನ್ನಬೇಕಾದರೆ ಎಡಗಡೆಯವಳು ಎತ್ತರ ಇರಬೇಕು. ಎರಡೂ ಒಟ್ಟಿಗೆ ಸಾಧ್ಯವಿಲ್ಲ. ಹನ್ನೊಂದು ವರ್ಷದ ಮಗು ತಾನಾಗಿ ಕೊಡುವ ಮೊದಲ ಸಾಧನೆ (ಪ್ರೂಫ್) ಇದು. ಇದಾದ ಮೇಲೆ, ಎಲ್ಲರ ಎತ್ತರವೂ ಬೇರೆ ಬೇರೆ ಇದ್ದಾಗ ಎಲ್ಲರೂ 1 ಅನ್ನಬಹುದೇ ಅಂತ ಕೇಳಿ. ಎಲ್ಲರಿಗಿಂತ ಎತ್ತರದವರು 0 ಅನ್ನಲೇಬೇಕು ಅಂತ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಆ ಎರಡು ವಾಕ್ಯವನ್ನು ನೋಟ್ಸಿನಲ್ಲಿ ಅವರ ಮಾತಿನಲ್ಲೇ ಬರೆಸಿ.

ಇದೇ ಅಧ್ಯಾಯದಲ್ಲಿ ದೇವಲಾಲಿಯ ಶಾಲಾ ಶಿಕ್ಷಕ ಡಿ.ಆರ್. ಕಾಪ್ರೇಕರ್ ಕಂಡುಕೊಂಡ 6174 ಬರುತ್ತದೆ. ನಾಲ್ಕಂಕಿಯ ಸಂಖ್ಯೆ ತೆಗೆದುಕೊಂಡು ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ್ದನ್ನು ಕಳೆಯುವುದು, ಬಂದ ಉತ್ತರಕ್ಕೆ ಮತ್ತೆ ಹಾಗೆಯೇ ಮಾಡುವುದು. ಶಾಲೆಯ ಮುಂದೆ ಹೋಗುವ ಕೆಎ 12 ಗಾಡಿಗಳ ನಂಬರೇ ಸಾಕು. 6382 ಇದ್ದರೆ 8632 − 2368 = 6264; 6642 − 2466 = 4176; 7641 − 1467 = 6174. ನಾಲ್ಕು ಅಂಕಿಯೂ ಒಂದೇ ಆಗಿರದಿದ್ದರೆ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಮುಟ್ಟಲೇಬೇಕು. ಕಳೆಯುವ ಲೆಕ್ಕದ ಅಭ್ಯಾಸ ಮಕ್ಕಳಿಗೆ ಗೊತ್ತಿಲ್ಲದ ಹಾಗೇ ಆಗುತ್ತದೆ. ಎಡವುವುದು ಸೊನ್ನೆಯಲ್ಲಿ. 1000 ತೆಗೆದುಕೊಂಡ ಮಗು 1000 − 1 = 999 ಬರೆದು, ಮುಂದೆ 999 − 999 = 0 ಅಂದು ನಿಲ್ಲಿಸುತ್ತದೆ. 0999 ಅಂತ ನಾಲ್ಕು ಮನೆಯಲ್ಲಿ ಬರೆಸಿದರೆ 9990 − 0999 = 8991, ಅಲ್ಲಿಂದ 8082, 8532, 6174. ಸ್ಥಾನ ಕಾಯುವ ಸೊನ್ನೆಯ ಬೆಲೆ ತೋರಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ನಮಗೆ ಗೊತ್ತಿಲ್ಲ.

ಐದನೇ ಅಧ್ಯಾಯದ ಇಡ್ಲಿ-ವಡೆ ಆಟ ಈಗಾಗಲೇ ಎಲ್ಲ ಕಡೆ ಪ್ರಸಿದ್ಧ. 3ರ ಅಪವರ್ತ್ಯ ಬಂದಾಗ ಇಡ್ಲಿ, 5ರದು ಬಂದಾಗ ವಡೆ, ಎರಡೂ ಆದಾಗ ಇಡ್ಲಿ-ವಡೆ. ಇಲ್ಲಿ ಪಾಪುಟ್ಟು, ಕಡಂಬುಟ್ಟು ಅಂತ ಆಡಿಸಿದರೂ ನಡೆಯುತ್ತದೆ. ಪುಸ್ತಕ ಬರೆದವರ ಜಾಣತನ ಇರುವುದು ಮುಂದೆ ಕೊಟ್ಟ ಜೋಡಿಗಳಲ್ಲಿ: 2 ಮತ್ತು 5, 3 ಮತ್ತು 7, ಕೊನೆಗೆ 4 ಮತ್ತು 6. ಮೊದಲ ಜೋಡಿಗಳಲ್ಲಿ ಎರಡನ್ನೂ ಗುಣಿಸಿದರೆ ಉತ್ತರ ಸಿಕ್ಕಿಬಿಡುತ್ತದೆ. 4, 6ಕ್ಕೆ ಬಂದಾಗ 24ರಲ್ಲಿ ಮಾತ್ರ ಸೇರುತ್ತದೆ ಅಂತ ಮಕ್ಕಳು ಕಾಯುತ್ತಿರುತ್ತಾರೆ, ಅಷ್ಟರಲ್ಲಿ 12ರಲ್ಲೇ ಸೇರಿರುತ್ತದೆ. 60ರವರೆಗೆ ಆಡಿದರೆ 12, 24, 36, 48, 60, ಐದು ಸಲ. ಸಮಯ ಇಲ್ಲ ಅಂತ ಈ ಮೂರನೇ ಜೋಡಿಯನ್ನು ಬಿಡುವವರು ಅಧ್ಯಾಯದ ಜೀವವನ್ನೇ ಬಿಟ್ಟಂತೆ. ಸಹ-ಅವಿಭಾಜ್ಯ, ಅಂದರೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದ ಸಂಖ್ಯೆಗಳು, ಅನ್ನುವ ಕಲ್ಪನೆ ಹುಟ್ಟುವುದೇ ಇಲ್ಲಿ.

ಇದೇ ಅಧ್ಯಾಯದಲ್ಲಿ ಒಂದು ಕೊರತೆಯೂ ಇದೆ. 10, 5, 2, 4, 8ರ ಭಾಜ್ಯತೆಯ ನಿಯಮ ಕೊಟ್ಟು 3 ಮತ್ತು 9ರದ್ದನ್ನು ಬಿಟ್ಟಿದ್ದಾರೆ. ಹೀಗಾಗಿ 51, 57ನ್ನು ಮಕ್ಕಳು ಅವಿಭಾಜ್ಯ ಸಂಖ್ಯೆ ಅಂತಲೇ ಬರೆಯುತ್ತಾರೆ. 51 = 3 × 17, 57 = 3 × 19 ಅಂತ ಹಿಡಿಯಲು ಅವರ ಕೈಯಲ್ಲಿ ಸುಲಭದ ಸಾಧನ ಇಲ್ಲ. ಅಂಕಿಗಳ ಮೊತ್ತದ ನಿಯಮವನ್ನು ಒಂದು ಪೀರಿಯಡ್‌ನಲ್ಲಿ ಹೇಳಿಕೊಡಿ. 10ರಿಂದ 9 ತೆಗೆದರೆ 1 ಉಳಿಯುತ್ತದೆ, 100ರಿಂದ 99 ತೆಗೆದರೂ 1 ಉಳಿಯುತ್ತದೆ ಎಂಬ ಕಾರಣವನ್ನೂ ಜೊತೆಗೆ ಹೇಳಿದರೆ ಪುಸ್ತಕದ ಧಾಟಿಗೂ ಒಪ್ಪುತ್ತದೆ. 91ಕ್ಕೆ ಮಾತ್ರ ಯಾವ ನಿಯಮವೂ ಸಹಾಯಕ್ಕೆ ಬರುವುದಿಲ್ಲ, 7ರಿಂದ ಭಾಗಿಸಿಯೇ ನೋಡಬೇಕು.

ಭಿನ್ನರಾಶಿ: ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲಿಗೆ

ಏಳನೇ ಅಧ್ಯಾಯಕ್ಕೆ ಕನಿಷ್ಠ 20 ಪೀರಿಯಡ್ ಇಡಿ. ಇಡೀ ಮಾಧ್ಯಮಿಕ ಹಂತದ ಗಣಿತ ನಿಂತಿರುವುದು ಇದರ ಮೇಲೆ. ಪುಸ್ತಕ ಹಿಡಿದ ದಾರಿ ಸ್ಪಷ್ಟ: 3/5 ಅಂದರೆ 1/5 ಅಳತೆಯ ಮೂರು ತುಂಡು. ಮೊದಲು ತುಂಡಿನ ಗಾತ್ರ, ಆಮೇಲೆ ಎಣಿಕೆ. ಈ ದಾರಿಯಲ್ಲಿ ಹೋದರೆ 1/9 ದೊಡ್ಡದೋ 1/5 ದೊಡ್ಡದೋ ಎಂಬ ಗೊಂದಲ ಬೇಗ ತೀರುತ್ತದೆ. ಒಂದು ರೊಟ್ಟಿಯನ್ನು ಒಂಬತ್ತು ಜನ ಹಂಚಿಕೊಂಡರೆ ತುಂಡು ಸಣ್ಣದು. ಅಲ್ಲಿಂದ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ಹೇಳಿದ ಕೂಡುವ ವಿಧಾನಕ್ಕೆ ಹೋಗುತ್ತಾರೆ: ಎರಡನ್ನೂ ಒಂದೇ ಅಳತೆಯ ತುಂಡಿಗೆ ತಂದು ಕೂಡು. ಲ.ಸಾ.ಅ ಎಂಬ ಮಾತೇ ಇಲ್ಲದೆ ಕೆಲಸ ಆಗುತ್ತದೆ.

ಕಷ್ಟ ಎರಡು ಕಡೆ. ಮೊದಲನೆಯದು ಕಾಗದ ಮಡಿಸುವುದು. 2, 4, 8 ಭಾಗ ಯಾರಿಗಾದರೂ ಬರುತ್ತದೆ. 3 ಮತ್ತು 5 ಸಮ ಭಾಗ ಮಡಿಸಲು ಹೋದರೆ ಒಂದು ತುಂಡು ದಪ್ಪ, ಒಂದು ಸಣ್ಣ. ತುಂಡು ಸಮ ಇಲ್ಲದ ಮೇಲೆ ಭಿನ್ನರಾಶಿಯೇ ಇಲ್ಲ. ಇದಕ್ಕೆ ಗೆರೆ ಹಾಕಿದ ನೋಟ್‌ಬುಕ್ ಸಾಕು. ಸುಮಾರು 10 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿಯನ್ನು ಓರೆಯಾಗಿ ಇಡಿ. ಅದರ ಮೇಲಂಚಿನ ಒಂದು ತುದಿ ಯಾವುದಾದರೂ ಗೆರೆಯ ಮೇಲೆ, ಅದೇ ಅಂಚಿನ ಇನ್ನೊಂದು ತುದಿ ಅಲ್ಲಿಂದ ಕೆಳಗಿನ ಹತ್ತನೇ ಗೆರೆಯ ಮೇಲೆ ಬರಬೇಕು. ಎರಡೆರಡು ಗೆರೆಗೆ ಒಂದರಂತೆ ಆ ಅಂಚಿನ ಮೇಲೆ ಗುರುತು ಹಾಕಿದರೆ ಐದು ಸಮ ಭಾಗ. ಒಂಬತ್ತು ಗೆರೆ ಹಿಡಿದು ಮೂರಕ್ಕೊಂದು ಗುರುತು ಹಾಕಿದರೆ ಮೂರು ಸಮ ಭಾಗ. ಗುರುತೆಲ್ಲ ಒಂದೇ ಅಂಚಿನ ಮೇಲೆ ಇರಬೇಕು. ಒಂದು ಮೇಲಂಚಿಗೆ, ಒಂದು ಕೆಳಂಚಿಗೆ ಹಾಕಿದರೆ ಭಾಗ ತಪ್ಪುತ್ತದೆ. ಮಕ್ಕಳು ಸಾಮಾನ್ಯವಾಗಿ ಕೈತಪ್ಪುವುದು ಅಲ್ಲೇ.

ಎರಡನೇ ಕಷ್ಟ ಅಭ್ಯಾಸದ್ದು. ಬ್ರಹ್ಮಗುಪ್ತನ ವಿಧಾನ ಅರ್ಥವಾದ ಮಗುವಿಗೂ ಕೈ ಪಳಗಲು ಪುಸ್ತಕದಲ್ಲಿರುವ ಲೆಕ್ಕ ಸಾಲುವುದಿಲ್ಲ. ಕನಿಷ್ಠ 40 ಲೆಕ್ಕ ಹೊರಗಿನಿಂದ ಬೇಕು, ಅದೂ ಹೀಗೆ ಮೆಟ್ಟಿಲು ಮೆಟ್ಟಿಲಾಗಿ: ಛೇದ ಒಂದೇ ಇರುವ ಹತ್ತು, ಒಂದು ಛೇದ ಇನ್ನೊಂದರ ಅಪವರ್ತ್ಯ ಆಗಿರುವ ಹತ್ತು, 1/2 + 3/8 ತರಹದವು, ಛೇದಗಳು ಸಹ-ಅವಿಭಾಜ್ಯ ಆಗಿರುವ ಹತ್ತು, 2/3 + 1/4 ತರಹದವು, ಕೊನೆಗೆ 1/4 + 1/6, 5/6 + 3/8 ತರಹದ ಹತ್ತು. ನಾಲ್ಕನೇ ಗುಂಪನ್ನು ಮೊದಲೇ ಕೊಟ್ಟರೆ ಮಗು 24, 48ರಂಥ ದೊಡ್ಡ ಛೇದದಲ್ಲಿ ಸಿಕ್ಕಿಕೊಳ್ಳುತ್ತದೆ. ಇಡ್ಲಿ-ವಡೆಯ 4, 6ನ್ನು ನೆನಪಿಸಿ ಕೊಟ್ಟರೆ 12ಕ್ಕೆ ತಾನೇ ಬರುತ್ತದೆ. 1/2 + 1/3 = 2/5 ಅಂತ ಮೇಲಿನದು ಮೇಲೆ, ಕೆಳಗಿನದು ಕೆಳಗೆ ಕೂಡಿದವರಿಗೆ ಬೈಯುವುದು ಬೇಡ, 2/5 ಅರ್ಧಕ್ಕಿಂತ ಕಡಿಮೆ, ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಕಡಿಮೆ ಆಗುತ್ತದೆಯೇ ಅಂತ ಕೇಳಿ. ಮಿಶ್ರ ಭಿನ್ನರಾಶಿ ಕಳೆಯುವಾಗ ಬೇರೆಯದೇ ತಪ್ಪು ಬರುತ್ತದೆ. ಮೂರೂಕಾಲರಿಂದ ಒಂದು ಪೂರ್ಣ ಮೂರನೇ ಎರಡನ್ನು ಕಳೆ ಅಂದರೆ, 3ರಿಂದ 1 ತೆಗೆದು 2, ಆಮೇಲೆ ದೊಡ್ಡದರಿಂದ ಸಣ್ಣದನ್ನು ತೆಗೆದು 5/12, ಒಟ್ಟು 2 5/12 ಅಂತ ಬರೆಯುತ್ತಾರೆ. ಸರಿ ಉತ್ತರ 39/12 − 20/12 = 19/12, ಅಂದರೆ 1 7/12. ಮೊದಮೊದಲು ಎರಡನ್ನೂ ವಿಷಮ ಭಿನ್ನರಾಶಿಗೆ ತಂದೇ ಕಳೆಯುವುದು ಒಳ್ಳೆಯದು.

ನವೋದಯ, ಸೈನಿಕ ಶಾಲೆ ಪ್ರವೇಶ ಪರೀಕ್ಷೆಗೆ ತಯಾರಾಗಿ ಬಂದ ಮಕ್ಕಳ ವಿಷಯವನ್ನು ಇಲ್ಲಿಯೇ ಹೇಳಬೇಕು. ನವೋದಯ ಪರೀಕ್ಷೆಯ 80 ಪ್ರಶ್ನೆಗಳಲ್ಲಿ 20 ಅಂಕಗಣಿತದ್ದು, ಅದಕ್ಕೆ 30 ನಿಮಿಷ. ಅಷ್ಟರಲ್ಲಿ ಮುಗಿಸಲು ಅವರು ಲ.ಸಾ.ಅ, ದಶಮಾಂಶ, ಶೇಕಡ ಎಲ್ಲವನ್ನೂ ಐದನೇ ತರಗತಿಯಲ್ಲೇ ವಿಧಾನವಾಗಿ ಕಲಿತಿರುತ್ತಾರೆ. ಅವರಿಗೆ ಈ ಪುಸ್ತಕ ಹಿಂದಕ್ಕೆ ಹೋದಂತೆ ಕಾಣುತ್ತದೆ, ಚಿತ್ರ ಬರೆಯಲು ಮನಸ್ಸು ಬರುವುದಿಲ್ಲ, ಉತ್ತರ ಒಂದೇ ಗೆರೆಯಲ್ಲಿ ಮುಗಿಯುತ್ತದೆ. ಅವರನ್ನು ತಡೆಯಬಾರದು. ಅವರಿಗೆ ಬೇರೆ ಕೆಲಸ ಕೊಡಬೇಕು: ಲ.ಸಾ.ಅ ಬಳಸದೆ ಇದೇ ಲೆಕ್ಕವನ್ನು ಪಟ್ಟಿಯ ಮೇಲೆ ತೋರಿಸು, ನಿನ್ನ ವಿಧಾನ ಯಾಕೆ ಸರಿ ಅಂತ ಪಕ್ಕದವನಿಗೆ ಹೇಳು. ವೇಗ ಇದ್ದವರು ಮೊದಲ ಬಾರಿ ತಡವರಿಸುವುದು ಆಗಲೇ, ಮತ್ತು ಪುಸ್ತಕದ ಬೆಲೆ ಅವರಿಗೆ ಗೊತ್ತಾಗುವುದೂ ಆಗಲೇ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ಉದ್ದ ವಾಕ್ಯ ಇನ್ನೊಂದು ತೊಡಕು. ಅಂಶ, ಛೇದ, ಅಪವರ್ತನ, ಅಪವರ್ತ್ಯ, ಸುತ್ತಳತೆ, ವಿಸ್ತೀರ್ಣ ಮುಂತಾದ ಸುಮಾರು 40 ಪದಗಳನ್ನು ಎರಡೂ ಭಾಷೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಮೊದಲ ಮೂರು ತಿಂಗಳು ಪ್ರಶ್ನೆಯನ್ನು ಕನ್ನಡದಲ್ಲಿ ಒಮ್ಮೆ ಹೇಳಿಸಿದ ಮೇಲೆಯೇ ಬಿಡಿಸಲು ಬಿಡಿ.

ಕಾಗದ, ಕೈವಾರ, ಮಳೆ

ಎರಡನೇ ಅಧ್ಯಾಯದಲ್ಲಿ ವೃತ್ತಾಕಾರದ ಕಾಗದವನ್ನು ಮಡಿಸಿ ಕೋನಮಾಪಕ ಮಾಡುವ ಚಟುವಟಿಕೆ ಇದೆ: ಅರ್ಧ ಮಡಿಸಿದರೆ 180, ಮತ್ತೆ 90, ಮತ್ತೆ 45, ಮತ್ತೆ 22.5. ಬಹಳ ಒಳ್ಳೆಯದು, ಆದರೆ ಜುಲೈಯಲ್ಲಿ ಬೇಡ. ನಮ್ಮ ಮಳೆಗಾಲದಲ್ಲಿ ಕಾಗದ ತಂಡಿ ಹಿಡಿದು ಮೆತ್ತಗಾಗುತ್ತದೆ, ಮಡಿಕೆ ಗಟ್ಟಿಯಾಗಿ ಕೂರುವುದಿಲ್ಲ, ನಾಲ್ಕನೇ ಮಡಿಕೆಗೆ ಬರುವಾಗ ಎರಡು ಮೂರು ಡಿಗ್ರಿ ಸರಿದಿರುತ್ತದೆ. ಮಾಡಲೇಬೇಕಿದ್ದರೆ ತೆಳುವಾದ ಟ್ರೇಸಿಂಗ್ ಪೇಪರ್ ಬಳಸಿ. ಕೋನಮಾಪಕ ಓದುವಾಗ ಒಳಗಿನ ಅಂಕಿ, ಹೊರಗಿನ ಅಂಕಿ ಅದಲುಬದಲಾಗುವುದು ಹಳೆಯ ರೋಗ. ಅಳೆಯುವ ಮೊದಲು ಇದು ಲಂಬಕೋನಕ್ಕಿಂತ ದೊಡ್ಡದೋ ಸಣ್ಣದೋ ಅಂತ ಪಕ್ಕದಲ್ಲಿ ಬರೆಸುವುದೊಂದೇ ಇದಕ್ಕೆ ಉಪಾಯ.

ರಚನೆಯ ಎಂಟನೇ ಅಧ್ಯಾಯ ಅಲೆ, ಕಣ್ಣು ಮುಂತಾದ ಚಿತ್ರಗಳಿಂದ ಶುರುವಾಗುತ್ತದೆ. ಮುಂದೆ ಬರುವ ಮನೆಯ ಚಿತ್ರದಲ್ಲಿ ಎಲ್ಲ ಬದಿಯೂ 5 ಸೆಂಟಿಮೀಟರ್. ಚಾವಣಿಯ ತುದಿ ಎಲ್ಲಿ ಬರಬೇಕು? ಮಕ್ಕಳು ಸ್ಕೇಲನ್ನು ಆಚೀಚೆ ಆಡಿಸಿ ಅಂದಾಜಿನಲ್ಲಿ ಹುಡುಕುತ್ತಾರೆ. ಹಾಗೆ ಐದು ನಿಮಿಷ ಒದ್ದಾಡಲು ಬಿಡಿ. ಎರಡೂ ಗೋಡೆಗಳ ಮೇಲ್ತುದಿಯಿಂದ 5 ಸೆಂಟಿಮೀಟರ್ ದೂರ ಇರುವ ಬಿಂದು ಬೇಕು ಅಂತ ಅವರ ಬಾಯಲ್ಲಿ ಬಂದ ಮೇಲೆ, ಎರಡೂ ಕಡೆಯಿಂದ 5 ಸೆಂಟಿಮೀಟರ್ ತ್ರಿಜ್ಯದ ಕಂಸ ಎಳೆದು ಕತ್ತರಿಸುವುದನ್ನು ತೋರಿಸಿ. ಕೈವಾರ ಇರುವುದು ದೂರವನ್ನು ಹಿಡಿದಿಡಲು ಎಂಬುದು ಆಗ ತಲೆಗೆ ಹೋಗುತ್ತದೆ. ಬಾಕ್ಸಿನ ಜೊತೆ ಬರುವ ಅಗ್ಗದ ಕೈವಾರಗಳ ತಿರುಪು ಸಡಿಲ ಇರುತ್ತದೆ, ಎಳೆಯುವಾಗ ಬಾಯಿ ಅಗಲವಾಗಿ 5 ಸೆಂಟಿಮೀಟರ್ 5.3 ಆಗುತ್ತದೆ, ಕಂಸ ಸೇರುವುದಿಲ್ಲ. ತಿರುಪು ಬಿಗಿ ಮಾಡಿ, ಪೆನ್ಸಿಲ್ ಮೊನೆಯನ್ನು ಮುಳ್ಳಿನ ತುದಿಗೆ ಸಮ ಮಾಡಿ, ಹಾಳೆಯ ಕೆಳಗೆ ನಾಲ್ಕೈದು ಹಾಳೆ ಇಟ್ಟು, ಕಾಲು ಹಿಡಿಯದೆ ಮೇಲಿನ ಹಿಡಿಯನ್ನು ತಿರುಗಿಸಿ ಎಳೆಯಬೇಕು.

ಸುತ್ತಳತೆ, ವಿಸ್ತೀರ್ಣದ ಅಧ್ಯಾಯ ಚೊಕ್ಕವಾಗಿದೆ. 9 ಚೌಕಗಳಿಂದ 12 ಏಕಮಾನದ ಸುತ್ತಳತೆಯೂ ಬರಬಹುದು, 20ರದೂ ಬರಬಹುದು ಎಂಬ ಪ್ರಶ್ನೆ ಎರಡರ ಗೊಂದಲವನ್ನು ಬುಡದಲ್ಲೇ ಕತ್ತರಿಸುತ್ತದೆ. ಚೌಕ ಎಣಿಸಿ ವಿಸ್ತೀರ್ಣ ಹೇಳಲು ಒಂದು ಸೆಂಟಿಮೀಟರ್ ಚೌಕದ ಹಾಳೆಯ ಮೇಲೆ ಕಾಫಿ ಎಲೆಯನ್ನೇ ಇಟ್ಟು ಗೆರೆ ಎಳೆಸಿ. ಅರೇಬಿಕಾದ್ದು ಒಂದು, ರೊಬಸ್ಟಾದ್ದು ಒಂದು. ಸಮಮಿತಿಗೆ ಹೆಚ್ಚು ಹೇಳಬೇಕಾದ್ದಿಲ್ಲ, ಮಕ್ಕಳೇ ಖುಷಿಯಿಂದ ಮಾಡುತ್ತಾರೆ.

ಅಧ್ಯಾಯಗಳ ಕ್ರಮವನ್ನು ಕೊಡಗಿನ ಹವೆಗೆ ತಕ್ಕಂತೆ ಬದಲಿಸಿಕೊಳ್ಳುವುದು ಉತ್ತಮ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ, ಪಾಠ ತುಂಡಾಗುತ್ತದೆ. ತುಂಡಾದರೂ ತೊಂದರೆಯಿಲ್ಲದ 1, 3, 5ನೇ ಅಧ್ಯಾಯಗಳನ್ನು ಕೈಲ್‌ಪೊಳ್ದ್ (ಸೆಪ್ಟೆಂಬರ್ ಆರಂಭದ ಕೊಡವ ಹಬ್ಬ) ಒಳಗೆ ಮುಗಿಸಿ. ದತ್ತಾಂಶದ 4ನೆಯದನ್ನು ಅದರ ನಂತರ ತೆಗೆದುಕೊಂಡರೆ ಅಷ್ಟರಲ್ಲಿ ಮಳೆಯ ಅಂಕಿಅಂಶ ಕೈಯಲ್ಲಿ ಇರುತ್ತದೆ. ಪತ್ರಿಕೆಯಲ್ಲಿ ದಿನಾ ಬರುವ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ, ಕುಶಾಲನಗರದ ಮಳೆಯನ್ನು ಮಕ್ಕಳು ಜೂನ್‌ನಿಂದಲೇ ಬರೆದಿಟ್ಟಿರಬೇಕು. ಐದು ತಾಲೂಕಿಗೆ ಐದು ಕಂಬ. ಹಾಳೆಯ ಒಂದು ಚೌಕಕ್ಕೆ ಎಷ್ಟು ಮಿಲಿಮೀಟರ್ ಮಳೆ ಅನ್ನುವ ಪ್ರಮಾಣವನ್ನು ಅವರೇ ಆರಿಸಬೇಕು, ಯಾಕೆಂದರೆ ಮಡಿಕೇರಿಯ ಕಂಬ ಹಾಳೆ ದಾಟಿ ಹೋದಾಗ ಪ್ರಮಾಣ ಯಾಕೆ ಬೇಕು ಅಂತ ಬೇರೆ ಹೇಳಬೇಕಾಗಿಲ್ಲ. 6 ಮತ್ತು 7 ಅಲ್ಲಿಂದ ಮುಂದೆ. ಕಾಗದ ಒಣಗಿರುವ ನವೆಂಬರ್, ಡಿಸೆಂಬರ್‌ನಲ್ಲಿ 2, 8, 9. ಹುತ್ತರಿ ಕಳೆದು ಜನವರಿಯಲ್ಲಿ 10.

ಸೊನ್ನೆಯ ಆಚೆ

ಹತ್ತನೇ ಅಧ್ಯಾಯ ಪೂರ್ಣಾಂಕಗಳದ್ದು. ಹಲವು ಮಹಡಿಯ ಕಟ್ಟಡ, ಲಿಫ್ಟು, ನೆಲಮಟ್ಟ ಸೊನ್ನೆ, ಕೆಳಗಿನ ಮಹಡಿಗಳು ಋಣ. ಹೊರಟ ಮಹಡಿ + ಚಲನೆ = ಮುಟ್ಟಿದ ಮಹಡಿ. ಕಳೆಯುವುದೆಂದರೆ ಮುಟ್ಟಬೇಕಾದ ಮಹಡಿಯಿಂದ ಹೊರಟ ಮಹಡಿಯನ್ನು ಕಳೆದು ಬೇಕಾದ ಚಲನೆ ಕಂಡುಹಿಡಿಯುವುದು. ‘ಮೈನಸ್ ಮೈನಸ್ ಪ್ಲಸ್’ ಅಂತ ಬಾಯಿಪಾಠ ಮಾಡಿಸುವ ಕಾಲಕ್ಕಿಂತ ಇದು ಎಷ್ಟೋ ಮುಂದೆ. ತೊಂದರೆ ಬರುವುದು ಒಂದೇ ‘−’ ಚಿಹ್ನೆ ಮಹಡಿಯ ಹೆಸರಿಗೂ ಇಳಿಯುವ ಚಲನೆಗೂ ಬಳಕೆಯಾದಾಗ. ಮೊದಲ ವಾರ ಮಹಡಿಯನ್ನು ಒಂದು ಬಣ್ಣದಲ್ಲಿ, ಚಲನೆಯನ್ನು ಇನ್ನೊಂದು ಬಣ್ಣದಲ್ಲಿ ಬರೆಸಿ.

ಲಿಫ್ಟ್ ಹತ್ತದ ಮಕ್ಕಳೂ ಇಲ್ಲಿ ಇದ್ದಾರೆ. ಅವರಿಗೆ ಹಾರಂಗಿಯ ಮಟ್ಟ ಗೊತ್ತು, ಅದೂ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಜಲಾಶಯದ ಗರಿಷ್ಠ ಮಟ್ಟ 2,859 ಅಡಿ; ಅದನ್ನು ಸೊನ್ನೆ ಅಂತ ಇಟ್ಟುಕೊಳ್ಳಿ. ನೀರು 2,851 ಅಡಿಯಲ್ಲಿದ್ದರೆ −8, ಮುಂದಿನ ವಾರ 2,848 ಆದರೆ −11. ಎಷ್ಟು ಬದಲಾಯಿತು? −11 − (−8) = −3, ಮೂರು ಅಡಿ ಇಳಿಯಿತು. ಉತ್ತರ ಮಗುವಿಗೆ ಮೊದಲೇ ಗೊತ್ತಿರುತ್ತದೆ, ಈಗ ಅದಕ್ಕೆ ಬರಹ ಸಿಗುತ್ತದೆ ಅಷ್ಟೆ.

ಅಧ್ಯಾಯದ ಟೋಕನ್ ವಿಧಾನಕ್ಕೆ ಧನಕ್ಕೆ ಹಸಿರು, ಋಣಕ್ಕೆ ಕೆಂಪು ಬೇಕು. ಜನವರಿಯಲ್ಲಿ ರೊಬಸ್ಟಾ ಕುಯ್ಲಿನ ಹೊತ್ತು, ಗಿಡದ ಕೆಳಗೆ ಉದುರಿದ ಹಸಿರು ಕಾಯಿ, ಕೆಂಪು ಹಣ್ಣು ಒಂದು ಬೊಗಸೆ ತಂದರೆ ತರಗತಿಗೆಲ್ಲ ಸಾಕು. −3 − (−5) ಮಾಡುವಾಗ ಮೂರು ಕೆಂಪು ಇಟ್ಟ ಮಗು, ಐದು ತೆಗೆಯಲು ಇಲ್ಲವಲ್ಲ ಅಂತ ನಿಲ್ಲುತ್ತದೆ. ಒಂದು ಹಸಿರು, ಒಂದು ಕೆಂಪು ಸೇರಿ ಸೊನ್ನೆ. ಅಂಥ ಎರಡು ಜೋಡಿ ಸೇರಿಸಿದರೆ ಬೆಲೆ ಬದಲಾಗುವುದಿಲ್ಲ, ಕೆಂಪು ಐದಾಗುತ್ತದೆ. ಐದನ್ನೂ ತೆಗೆದರೆ ಎರಡು ಹಸಿರು ಉಳಿಯುತ್ತದೆ, +2. ಸೊನ್ನೆ ಜೋಡಿ ಸೇರಿಸುವ ಈ ಹೆಜ್ಜೆಗೆ ಪೂರ್ತಿ ಎರಡು ಪೀರಿಯಡ್ ಕೊಡಿ. ಆಮೇಲೆ ಕೂಡುವ 30, ಕಳೆಯುವ 30 ಲೆಕ್ಕ, ಮೊದಲ ಹತ್ತಕ್ಕೆ ಮಾತ್ರ ಕಾಯಿ-ಹಣ್ಣು, ಉಳಿದದ್ದು ಸಂಖ್ಯಾರೇಖೆಯ ಮೇಲೆ.

ರಾಜ್ಯ ಪಠ್ಯಕ್ರಮದ ಶಾಲೆಯವರು ಇಡೀ ಪುಸ್ತಕ ಕೊಳ್ಳಬೇಕಾಗಿಲ್ಲ. 3, 5, 7 ಮತ್ತು 10ನೇ ಅಧ್ಯಾಯಗಳ ಪಿಡಿಎಫ್ ಇಳಿಸಿಕೊಂಡು ಶಿಕ್ಷಕರಿಗೊಂದು ಪ್ರತಿ ಮುದ್ರಿಸಿಟ್ಟುಕೊಂಡರೆ ತಮ್ಮ ಪಠ್ಯದ ಆಯಾ ಪಾಠದ ಮೊದಲ ಮೂರು ಪೀರಿಯಡ್‌ಗೆ ಆಗುತ್ತದೆ. ಕತ್ತರಿಸುವ ಚಟುವಟಿಕೆಯ ಹಾಳೆಗಳನ್ನು ಮಾತ್ರ ದಪ್ಪ ಡ್ರಾಯಿಂಗ್ ಶೀಟಿನ ಮೇಲೆ ತೆಗೆಸಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಸುರುಟಿಹೋಗುತ್ತವೆ.